ಬಾವಿಯ ನೀರು ದಾಟಿದ್ದು

ಹೊರಡುವ ಮುನ್ನ

ಆ ಮಧ್ಯಾಹ್ನ ಸಕಲೇಶಪುರದ ಲಿಲ್ಲಿಬಾಯಿಯ ಮನೆಯಲ್ಲಿ ಇದ್ದವರು ಮೂರೇ ಜನ. ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಕುರ್ಚಿಯಲ್ಲಿ ಲಿಲ್ಲಿಬಾಯಿ, ಎದುರಿನ ಬೆಂಚಿನ ಮೇಲೆ ನಾನು, ನನ್ನ ಪಕ್ಕ ನನ್ನ ಹೆಂಡತಿ ಪಾರ್ವತಿ. ನಾಲ್ಕನೆಯವರು ಗೋಡೆಯ ಮೇಲಿದ್ದರು. ಚೌಕಟ್ಟಿನೊಳಗೆ ಸಿಸ್ಟರ್ ಬ್ರೀಡಾ; ತಲೆಗೆ ಬಿಳಿ ವಸ್ತ್ರ, ದಪ್ಪ ಕನ್ನಡಕ, ಬಂದ ನಗುವನ್ನು ತಡೆದುಕೊಂಡ ಮುಖ.

"ರೈಟರೇ, ಡಾಕ್ಟ್ರು ಹೇಳಿದ್ದು ಒಂದು ವರ್ಷ," ಎಂದಳು ಲಿಲ್ಲಿಬಾಯಿ. "ಈಗಲೇ ತೂತಿನೊಳಗಿಂದ ನೋಡ್ದಂಗೆ ಕಾಣ್ತದೆ. ಅದೂ ಮುಚ್ಚೋದ್ರೊಳಗೆ ನಾನು ಆ ಬಾವಿಗೆ ಹೋಗಿ ಬರ್ಬೇಕು. ನೀವು ಬರ್ತೀರೋ, ಇಲ್ಲ ನಾನೊಬ್ಳೇ ಹೋಗ್ಲೋ?"

ನಾನು ವನಗೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿದ್ದವನು. ಆಳುಗಳ ಹಾಜರಿ ಬರೆಯುವುದು, ಸ್ಟೋರಿನ ಬೀಗ ನೋಡಿಕೊಳ್ಳುವುದು ನನ್ನ ಕೆಲಸ. ಹುಟ್ಟೂರು ಆಲೂರು ತಾಲ್ಲೂಕಿನ ಮಗ್ಗೆ. ಎಸ್ಟೇಟಿನ ಗೇಟಿನೆದುರು ಕ್ರೈಸ್ತ ಸನ್ಯಾಸಿನಿಯರ ಸಣ್ಣ ಆಸ್ಪತ್ರೆಯಿತ್ತು. ಐರ್ಲೆಂಡಿನಿಂದ ಬಂದ ಸಿಸ್ಟರ್ ಬ್ರೀಡಾ ಅದನ್ನು ನಡೆಸುತ್ತಿದ್ದರು. ಲಿಲ್ಲಿಬಾಯಿ ಅವರ ಕೈಕೆಳಗೆ ಕಲಿತ ನರ್ಸು.

ನನ್ನ ಮಗಳು ಸುಮ ನಾಲ್ಕು ವರ್ಷದವಳಿದ್ದಾಗ, ಕಾಫಿ ಗಿಡಕ್ಕೆ ಹೊಡೆಯುವ ಔಷಧಿಗೆಂದು ಸ್ಟೋರಿನ ಮುಂದೆ ಡ್ರಮ್ಮಿನಲ್ಲಿ ಸುಣ್ಣ ನೆನೆಹಾಕಿದ್ದೆವು. ಕೊತಕೊತ ಕುದಿಯುವುದನ್ನು ನೋಡಲು ಮಗು ಬಗ್ಗಿತು. ಎರಡೂ ಕಣ್ಣಿಗೆ ಸಿಡಿಯಿತು. ಎತ್ತಿಕೊಂಡು ಓಡಿದೆ. ಸಿಸ್ಟರ್ ಮತ್ತು ಲಿಲ್ಲಿಬಾಯಿ ಮಗುವನ್ನು ಮೇಜಿನ ಮೇಲೆ ಮಲಗಿಸಿ, ರೆಪ್ಪೆ ಬಿಡಿಸಿ ಹಿಡಿದು, ಸರದಿಯ ಮೇಲೆ ಗಂಟೆಗಟ್ಟಲೆ ನೀರು ಬಿಟ್ಟರು. ಹದಿನಾರು ದಿನ ಕಣ್ಣಿಗೆ ಪಟ್ಟಿ. ಹದಿನೇಳನೆಯ ದಿನ ಪಟ್ಟಿ ಬಿಚ್ಚಿದಾಗ ಸುಮ ನನ್ನ ಮುಖವನ್ನೇ ನೋಡಿ, "ಅಪ್ಪಾ, ಯಾಕೆ ಗಡ್ಡ ಬುಟ್ಟಿದ್ದೀಯ?" ಎಂದಳು.

ಆ ಹದಿನಾರು ದಿನಗಳಲ್ಲಿ ಯಾವತ್ತೋ ಸಿಸ್ಟರ್ ತಮ್ಮ ಹಳ್ಳಿಯ ಪವಿತ್ರ ಬಾವಿಗೆ ಹರಕೆ ಹೊತ್ತಿದ್ದರಂತೆ. ಆ ಕಡೆ ಅದಕ್ಕೆ ಕಣ್ಣಿನ ಬಾವಿ ಎಂದೇ ಹೆಸರು. ಮಗುವಿಗೆ ನೋಟ ಬಂದರೆ ಬರಿಗಾಲಲ್ಲಿ, ಬಾಯಲ್ಲಿ ಜಪ ಬಿಟ್ಟು ಬೇರೆ ಮಾತಿಲ್ಲದೆ ಒಂಬತ್ತು ಸುತ್ತು. ಆದರೆ ಅವರು ಊರಿಗೆ ಹೋಗಲೇ ಇಲ್ಲ. ಈ ವರ್ಷ ಹೆರಿಗೆ ಜಾಸ್ತಿ, ಮುಂದಿನ ವರ್ಷ ಜ್ವರ ಜಾಸ್ತಿ ಎನ್ನುತ್ತ ಎನ್ನುತ್ತ ಸಕಲೇಶಪುರದ ಮಣ್ಣಿನಲ್ಲೇ ಮಲಗಿದರು. ಸಾಯುವ ಹಿಂದಿನ ದಿನ ಲಿಲ್ಲಿಬಾಯಿಯ ಕೈ ಹಿಡಿದು, "ಸುಮಳ ಒಂಬತ್ತು ಸುತ್ತು ಉಳಿದುಹೋಯಿತು" ಎಂದರಂತೆ.

ಸಿಸ್ಟರನ್ನು ನೋಡಿ ನೋಡಿಯೇ ಸುಮ ನರ್ಸಿಂಗ್ ಓದಿದಳು. ಎರಡು ಸಾವಿರದ ಇಸವಿಯ ಆಚೀಚೆ ಅಲ್ಲಿಯ ಆಸ್ಪತ್ರೆಗಳು ನಮ್ಮ ಹುಡುಗಿಯರನ್ನು ಕರೆಯುತ್ತಿದ್ದವು; ಸುಮ ಹೋದದ್ದು ಅದೇ ಐರ್ಲೆಂಡಿಗೆ. ಆ ಸುದ್ದಿ ಕೇಳಿದ ದಿನವೇ ಲಿಲ್ಲಿಬಾಯಿ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡಿದ್ದಳು.

ಪಾರ್ವತಿ ನನಗಿಂತ ಮೊದಲು ಬಾಯಿಬಿಟ್ಟಳು. "ಮಗಳ ಕಣ್ಣಿನ ಹರಕೆ ಅಂದ್ರೆ ನಮ್ಮನೇದೇ ಆಯ್ತಲ್ಲ. ಹೋಗ್ಬನ್ನಿ. ನಾನು ದನ ನೋಡ್ಕಂತೀನಿ. ಮಾತಾಡದೆ ಒಂಬತ್ತು ಸುತ್ತು ಅಂತಾರೆ, ಅದೊಂದು ನಿಮ್ಮ ಕೈಲಿ ಆಗ್ತದಾ ನೋಡ್ಕಳಿ."

ವಿಮಾನ ನಿಲ್ದಾಣ

ಇಳಿದ ಮೇಲೆ ಸಾಮಾನು ನೋಡುವ ಅಧಿಕಾರಿ ಲಿಲ್ಲಿಬಾಯಿಯ ಕೈಚೀಲದಿಂದ ಗಂಟು ಹಾಕಿದ ಕರವಸ್ತ್ರವೊಂದನ್ನು ತೆಗೆದ. ಕೆಂಚು ಕೂದಲಿನ, ಎಳೆ ಮುಖದ ಆಸಾಮಿ. ಗಂಟು ಬಿಚ್ಚಿದರೆ ಒಳಗೆ ಸಿಪ್ಪೆ ತೆಗೆದು ಒಣಗಿಸಿದ ಒಂಬತ್ತು ಕಾಫಿ ಬೀಜ. ಅವನು ಒಮ್ಮೆ ಬೀಜ ನೋಡಿದ, ಒಮ್ಮೆ ಅವಳ ಬಿಳಿ ಸೀರೆ ನೋಡಿದ.

"ಎಣಿಸೋಕೆ," ಎಂದಳು ಲಿಲ್ಲಿಬಾಯಿ ಇಂಗ್ಲಿಷಿನಲ್ಲಿ. "ಒಂದು ಸುತ್ತಿಗೆ ಒಂದು." ಹಳ್ಳಿಯ ಹೆಸರು ಹೇಳಿದಳು, ಬಾವಿ ಎಂದಳು.

ಅವನ ಮುಖವೇ ಬದಲಾಯಿತು. ಅವನ ಅಜ್ಜಿಯೂ ಹೀಗೇ ಸುತ್ತುತ್ತಿದ್ದಳಂತೆ, ಬೆಣಚುಕಲ್ಲು ಇಟ್ಟುಕೊಂಡು. ಒಂಬತ್ತನ್ನೂ ಮತ್ತೆ ಎಣಿಸಿ, ಗಂಟು ಹಾಕಿ ಕೊಟ್ಟ. "ಒಂದನ್ನೂ ನೆಡಬೇಡಿ. ಹೋಗುವಾಗ ಒಂಬತ್ತೂ ನಿಮ್ಮ ಜೊತೆ ಹೋಗಬೇಕು."

"ನೆಟ್ರೆ ಬರ್ತದಾ ಈ ಚಳಿಗೆ?" ಎಂದಳು ಲಿಲ್ಲಿಬಾಯಿ ನನ್ನ ಕಡೆ ತಿರುಗಿ, ಈ ಬಾರಿ ಕನ್ನಡದಲ್ಲಿ.

ದಾರಿ

ಸುಮಳ ಕಾರಿನಲ್ಲಿ ಹೊರಟೆವು. ಊರು ಬಿಟ್ಟಮೇಲೆ ದಾರಿ ಕಿರಿದಾಗುತ್ತ ಹೋಗಿ ಕಡೆಗೆ ವನಗೂರಿನ ಜೀಪಿನ ರಸ್ತೆಯಷ್ಟೇ ಆಯಿತು. ಎರಡೂ ಕಡೆ ಕಲ್ಲಿನ ಪಾಗಾರ, ಅದರಾಚೆ ನಮ್ಮ ಬೋಳು ಗುಡ್ಡಗಳಂಥದೇ ಹುಲ್ಲು, ಹುಲ್ಲಿನಲ್ಲಿ ಬೆನ್ನಿಗೆ ನೀಲಿ, ಕೆಂಪು ಬಣ್ಣ ಬಳಿದುಕೊಂಡ ಕುರಿಗಳು. ನಾವು ಎತ್ತಿನ ಕೋಡಿಗೆ ಬಳಿಯುವುದನ್ನು ಇವರು ಕುರಿಯ ಬೆನ್ನಿಗೆ ಬಳಿಯುತ್ತಾರೆ. ನಮ್ಮದು ಹಬ್ಬಕ್ಕೆ, ಇವರದು ಯಾರ ಕುರಿ ಎಂದು ಗೊತ್ತಾಗುವುದಕ್ಕೆ.

ಎದುರಿಗೆ ಬಂದ ಪ್ರತಿಯೊಬ್ಬ ಚಾಲಕನೂ ಸ್ಟಿಯರಿಂಗಿನ ಮೇಲಿಂದ ಒಂದು ಬೆರಳೆತ್ತಿ ಹೋಗುತ್ತಿದ್ದ.

"ಎಲ್ಲಾ ಪರಿಚಯದವ್ರಾ ಮಗ?" ಎಂದಳು ಲಿಲ್ಲಿಬಾಯಿ.

"ಒಬ್ರೂ ಅಲ್ಲ ಬಾಯಮ್ಮ. ಇಲ್ಲಿ ಹಂಗೇ."

ನಾನು ಮೊದಮೊದಲು ಎರಡೂ ಕೈ ಜೋಡಿಸುತ್ತಿದ್ದೆ. ನಾನು ಮುಗಿಸುವಷ್ಟರಲ್ಲಿ ಎದುರಿನ ಕಾರು ಹಿಂದಾಗಿಬಿಡುತ್ತಿತ್ತು. ಹಳ್ಳಿ ಬರುವ ಹೊತ್ತಿಗೆ ಒಂದೇ ಬೆರಳು ಎತ್ತುವುದನ್ನು ಕಲಿತಿದ್ದೆ.

ಬಾವಿ, ಮೊದಲ ದಿನ

ಬಾವಿ ಎಂದರೆ ನಮ್ಮ ಸೇದುವ ಬಾವಿಯಲ್ಲ. ಹೊಲದ ಮೂಲೆಯಲ್ಲಿ ನೆಲಮಟ್ಟದ ಒಂದು ಒರತೆ, ಸುತ್ತ ಮೊಣಕಾಲೆತ್ತರದ ಪಾಚಿಗಟ್ಟಿದ ಕಲ್ಲಿನ ಕಟ್ಟೆ. ತಲೆಯ ಕಡೆ ಒಂದು ಗೂಡು, ಗೂಡಿನಲ್ಲಿ ಅಂಗೈಯುದ್ದದ ಮಾತೆ ಮರಿಯಮ್ಮ. ಪಕ್ಕದಲ್ಲಿ ಒಂದು ಮುಳ್ಳಿನ ಮರ. ಅದರ ತುಂಬ ಬಟ್ಟೆಯ ಚೂರು ಕಟ್ಟಿದ್ದರು, ನಮ್ಮಲ್ಲಿ ಮಕ್ಕಳ ಹರಕೆಗೆ ಮರಕ್ಕೆ ತೊಟ್ಟಿಲು ಕಟ್ಟುವ ಹಾಗೆ. ಘಟ್ಟದ ಕಾಡಿನ ನಡುವಿನ ಎಡಕುಮೇರಿ ಸ್ಟೇಷನ್ನಿನಲ್ಲಿ ರೈಲು ನಿಂತಾಗ ಒಂದು ಮೌನ ಇರುತ್ತದಲ್ಲ, ಅದೇ ಮೌನ.

ಲಿಲ್ಲಿಬಾಯಿ ಕತ್ತನ್ನು ನಿಧಾನವಾಗಿ ಅತ್ತಿತ್ತ ಆಡಿಸಿ, ತನಗೆ ಉಳಿದಿದ್ದ ಆ ಸಣ್ಣ ಕಿಂಡಿಯಿಂದ ಒಂದೊಂದನ್ನೇ ಹುಡುಕಿಕೊಂಡಳು. "ಮರ ಐತೆ. ಗೂಡು ಐತೆ. ಸರಪಳಿಗೆ ಕಟ್ಟಿದ ಲೋಟ ಐತೆ," ಎಂದು ಹಾಜರಿ ತೆಗೆದುಕೊಂಡಳು. "ಸಿಸ್ಟರ್ ಸುಳ್ಳು ಹೇಳಿಲ್ಲ ರೈಟರೇ."

ಪಾಗಾರದ ಮೇಲೆ ಟೋಪಿ ಹಾಕಿಕೊಂಡ ಮುದುಕನೊಬ್ಬ ಕುಳಿತಿದ್ದ. ಹೆಸರು ಮಾರ್ಟಿನ್. ಹುಲ್ಲು ಕತ್ತರಿಸಿ, ಲೋಟ ತೊಳೆದಿಟ್ಟು ಬಾವಿ ನೋಡಿಕೊಳ್ಳುವವನು ಅವನೇ. ಲಿಲ್ಲಿಬಾಯಿ ತಡವರಿಸುವುದನ್ನು ಕಂಡು ತನ್ನ ಕಣ್ಣಿಗೆ ಬೆರಳು ತೋರಿಸಿ, ಇದಕ್ಕಾ ಬಂದದ್ದು ಎಂದು ಕೇಳಿದ. ಅವನ ಇಂಗ್ಲಿಷು ಬಾಯಿತುಂಬ ಅನ್ನ ಇಟ್ಟುಕೊಂಡು ಮಾತಾಡಿದಂತಿತ್ತು. ಸುಮ ಅದನ್ನು ನಮ್ಮ ಮಾತಿಗೆ ಇಳಿಸಿದಳು.

"ನನ್ನ ಕಣ್ಣಿಗಲ್ಲ ಅಂತ ಹೇಳು," ಎಂದಳು ಲಿಲ್ಲಿಬಾಯಿ. "ಕೇಳೋಕೆ ಬಂದಿಲ್ಲ. ಕೊಟ್ಟಾಗೈತೆ, ತೀರ್ಸೋಕೆ ಬಂದಿರೋದು."

ಮಾರ್ಟಿನ್ ಕ್ರಮ ಹೇಳಿಕೊಟ್ಟ. ಬಾವಿ ಸದಾ ಬಲಗೈ ಕಡೆ ಇರಬೇಕು. ನಮ್ಮ ಪ್ರದಕ್ಷಿಣೆಯೇ! ಇಷ್ಟು ದೂರ ಬಂದರೂ ದೇವರನ್ನು ಸುತ್ತುವ ದಿಕ್ಕು ಒಂದೇ ಎಂದು ನನಗೆ ಹಿಗ್ಗೋ ಹಿಗ್ಗು. ಹೇಳಿಕೊಟ್ಟವನು ಕುರಿ ನೋಡಲು ಹೋದ. ಸುಮ ಆಸ್ಪತ್ರೆಗೆ ಫೋನು ಮಾಡಬೇಕೆಂದು ಕಾರಿನ ಕಡೆ ಹೋದಳು. ನಾನು ಬೂಟು ಕಳಚಿದೆ. ಲಿಲ್ಲಿಬಾಯಿ ಹಿಂದಿನಿಂದ ನನ್ನ ಹೆಗಲ ಮೇಲೆ ಕೈಯಿಟ್ಟಳು. ಆಗಿನಿಂದ ಮಾತು ಬಂದ್.

ಮರ ದಾಟಿ, ಗೂಡಿನ ಹಿಂದಿನಿಂದ ಬಳಸಿ ಬಂದೆವು. ಅಲ್ಲಿ ಬಾವಿಯ ನೀರು ಕಟ್ಟೆಯ ಒಂದು ಬಾಯಿಂದ ಹೊರಬಂದು, ಮೊಳದಗಲದ ಕಾಲುವೆಯಾಗಿ ನಮ್ಮ ದಾರಿಗೆ ಅಡ್ಡ ಹರಿಯುತ್ತಿತ್ತು. ನನ್ನ ಕಾಲು ನಿಂತಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಗ್ಗೆಯ ನಮ್ಮ ಈಶ್ವರನ ಗುಡಿಯಲ್ಲಿ ಅಭಿಷೇಕದ ನೀರು ಗೋಡೆಯ ಒಂದು ಬಾಯಿಂದ ಹೊರಗೆ ಹರಿಯುತ್ತದೆ. ಅದನ್ನು ದಾಟುವಂತಿಲ್ಲ. ಬಲಕ್ಕೆ ಅಲ್ಲಿಯವರೆಗೆ ಹೋಗಿ, ಹಿಂದಿರುಗಿ, ಎಡದಿಂದ ಬಳಸಿ ಆ ನೀರಿನ ಇನ್ನೊಂದು ದಡಕ್ಕೆ ಬರಬೇಕು, ಮತ್ತೆ ತಿರುಗಬೇಕು. ನಾನು ನಡೆಯಲು ಕಲಿತದ್ದೇ ತಾತನ ಬೆರಳು ಹಿಡಿದು ಆ ಗುಡಿಯ ಸುತ್ತ. "ಸ್ವಾಮಿ ಮೈಮೇಲಿಂದ ಬಂದ ನೀರು ಕಣೋ. ದಾಟಿದ್ಯೋ, ಕಾಲು ಮುರೀತೀನಿ," ಎನ್ನುತ್ತಿದ್ದ. ಅರವತ್ತು ವರ್ಷದಲ್ಲಿ ಒಮ್ಮೆಯೂ ದಾಟಿದವನಲ್ಲ ನಾನು.

ಯೋಚನೆ ಮಾಡಿ ತಿರುಗಿದೆ ಎಂದರೆ ಸುಳ್ಳಾಗುತ್ತದೆ. ಕಾಲು ತಾನೇ ತಿರುಗಿತು. ಹೆಗಲ ಮೇಲಿನ ಕೈಯೂ ತಿರುಗಿತು. ಮಾತಾಡುವಂತಿಲ್ಲವಲ್ಲ, ಲಿಲ್ಲಿಬಾಯಿ ಕೇಳಲಿಲ್ಲ. ದಾರಿಯೇ ಹಾಗಿದೆ ಎಂದುಕೊಂಡಳು. ಎಡಕ್ಕೆ ಬಳಸಿ ಆಚೆ ದಡ ಮುಟ್ಟಿ, ಮತ್ತೆ ತಿರುಗಿ ಬಂದು, ಅವಳು ಗೂಡಿನಲ್ಲಿ ಒಂದು ಕಾಫಿ ಬೀಜ ಇಟ್ಟಳು. ಒಂದಾಯಿತು. ಎರಡಾಯಿತು. ಮೂರಾಯಿತು.

ನಾಲ್ಕನೆಯ ಸುತ್ತಿನಲ್ಲಿ ಎಡಕ್ಕೆ ನಡೆಯುತ್ತಿದ್ದಾಗ ಹೊಲದ ಆಚೆಯಿಂದ ಕೂಗು ಕೇಳಿಸಿತು. ಮಾರ್ಟಿನ್ ಟೋಪಿ ಕೈಯಲ್ಲಿ ಹಿಡಿದು ಬೀಸುತ್ತ, ಆ ವಯಸ್ಸಿನಲ್ಲಿ ಓಡಿಬರುತ್ತಿದ್ದ. ಅವನ ಕೂಗಿಗೆ ಸುಮಳೂ ಕಾರಿನಿಂದ ಓಡಿಬಂದಳು. ಅವನು ಹೇಳಿದ್ದನ್ನು ಕೇಳಿ ಅವಳ ಮುಖ ಸಣ್ಣಗಾಯಿತು.

"ಅಪ್ಪಾ, ಯಾರಿಗೆ ಶಾಪ ಹಾಕ್ತಿದ್ದೀರಿ ಅಂತ ಕೇಳ್ತಿದಾನೆ."

"ಶಾಪವಾ?"

"ಎಡಕ್ಕೆ ಸುತ್ತೋದು ಶಾಪಕ್ಕಂತೆ. ಹಿಂದೆ ಜಮೀನಿನ ಜಗಳದಾಗೆ ಹಿಂಗೆ ಸುತ್ತಿ ಶಾಪ ಹಾಕ್ತಿದ್ರಂತೆ. ಯಾರ ಹೆಸ್ರಲ್ಲಿ ಸುತ್ತುತೀಯೋ ಅವ್ರಿಗೇ ತಟ್ತದಂತೆ."

ನಾವು ಸುತ್ತುತ್ತಿದ್ದದ್ದು ಯಾರ ಹೆಸರಿನಲ್ಲಿ? ನಾನು ಮಗಳ ಕಣ್ಣು ನೋಡಿದೆ.

ಲಿಲ್ಲಿಬಾಯಿ ಹೆಗಲಿನಿಂದ ಕೈ ತೆಗೆದಳು. "ಯಾಕೆ ತಿರುಗಿದ್ರಿ?"

ಹೇಳಿದೆ. ತಾತ, ಗುಡಿ, ನೀರು, ಎಲ್ಲ.

"ನಿಮ್ಮ ತಾತನ್ನ ಮಗ್ಗೇಲೇ ಬಿಟ್ಟು ಬರೋಕೆ ಏನಾಗಿತ್ತು ಮಾರಾಯ್ರೆ!" ಎಂದಳು. "ಸಿಸ್ಟರ್ ಕಟ್ಟಿದ್ದನ್ನ ನಾನು ಬಂದು ಬಿಚ್ಚಿದಂಗಾಯ್ತಲ್ಲ."

ಮಾರ್ಟಿನ್ನನ ಅಡುಗೆಮನೆ

ಬೈದವನೇ ಮನೆಗೂ ಕರೆದ. ಅಲ್ಲಿಯವರಿಗೆ ಯಾವ ಕಷ್ಟಕ್ಕೂ ಮೊದಲು ಚಹಾ. ನಮ್ಮಲ್ಲಿ ಕಾಫಿಗೆ ಕೂರಿಸುವ ಹಾಗೆ. ಬೇಡ ಎಂದರೆ ಕೇಳಿಸುವುದಿಲ್ಲ. ಒಂದು ಲೋಟ ಮುಗಿಯುವ ಮೊದಲೇ ಇನ್ನೊಂದು ಬಗ್ಗಿಸುತ್ತಾನೆ. ಕಪ್ಪು ನಾಯಿ ನನ್ನ ಒದ್ದೆ ಪಾದದ ಮೇಲೇ ತಲೆಯಿಟ್ಟು ಮಲಗಿತು.

ಬ್ರೀಡಾ ಹೆಸರು ಕೇಳಿ ಮಾರ್ಟಿನ್ ಲೋಟ ಕೆಳಗಿಟ್ಟ. ಅವಳ ತಮ್ಮ ಇವನ ಜೊತೆ ಓದಿದವನಂತೆ. ಈಗ ಯಾರೂ ಇಲ್ಲ. ಮನೆ ಗುಡ್ಡದ ಮೇಲೆ ಮಾಡು ಬಿದ್ದು ನಿಂತಿದೆ; ಆ ಜಾಗ ಈಗ ಇವನದೇ, ಕುರಿ ಮೇಯಿಸುತ್ತಾನೆ.

ಸುಮಳೇ ಲಿಲ್ಲಿಬಾಯಿಯ ಕೈ ಹಿಡಿದು ಹೊಸದಾಗಿ ಸುತ್ತಿಸಿದರೆ ಆಗುವುದಿಲ್ಲವೆ ಎಂದೆ. ಮಾರ್ಟಿನ್ ತಲೆ ಅಲ್ಲಾಡಿಸಿದ. ಎಡಕ್ಕೆ ಹೋದ ಕಾಲೇ ಬಲಕ್ಕೆ ಹೋಗಿ ಸರಿಮಾಡಬೇಕು, ಅವನ ತಾಯಿ ಹಾಗೆ ಹೇಳುತ್ತಿದ್ದಳು.

"ಕೇಳಿದ್ರಾ? ಅವ್ರಿಗೆ ಅವ್ವ, ನಿಮಗೆ ತಾತ," ಎಂದಳು ಲಿಲ್ಲಿಬಾಯಿ. "ನಾಳೆ ಮಧ್ಯಾಹ್ನದೊಳಗೆ ಸುಮ ಡ್ಯೂಟಿಗೆ ಹೊರಡ್ಬೇಕು. ಇನ್ನೊಂದ್ಸಲ ಬರೋ ಹೊತ್ತಿಗೆ ನನಗೆ ಈ ಬಾವಿ ಕಾಣಲ್ಲ. ನಾಳೆ ಬೆಳಿಗ್ಗೆ ನೀವು ಆ ನೀರು ದಾಟ್ತೀರಿ. ನಿಮ್ಮ ತಾತ ಮೇಲಿಂದ ಕಾಲು ಮುರಿಯೋಕೆ ಬಂದ್ರೆ ನಾನು ಮಾತಾಡ್ತೀನಿ."

ದಾಟುತ್ತೇನೆ ಎನ್ನಬೇಕು. ಮಗಳ ಕಣ್ಣಿಗಿಂತ ದೊಡ್ಡದೇ ಒಂದು ನೀರು? ಆದರೆ ಮಗಳಿಗೆಂದೇ ಸುತ್ತುವ ಸುತ್ತಿನಲ್ಲಿ ದೇವರ ನೀರು ತುಳಿದು ಇನ್ನೊಂದು ದೋಷ ತರುವುದೆ? ಆಗ ತಾತನೇ ನೆನಪಿಗೆ ಬಂದು ಕೈ ಹಿಡಿದ. ಶಿವರಾತ್ರಿಯ ದಿನ ಗುಡಿಯಲ್ಲಿ ಜನ ಹೆಚ್ಚಾಗಿ ಹಿಂದೆ ಮುಂದೆ ತಿರುಗಲು ಜಾಗವಿಲ್ಲದೆ ಹೋದಾಗ, ಪೂಜಾರಿ ಆ ನೀರಿನ ಮೇಲೆ ಒಂದು ಹೊರೆ ಹುಲ್ಲು ಹಾಸುತ್ತಿದ್ದ. "ಮುಚ್ಚಿದ್ರೆ ದೋಷ ಇಲ್ಲ ಕಣೋ, ನಡಿ," ಎಂದು ತಾತನೇ ನನ್ನನ್ನು ಮುಂದೆ ತಳ್ಳುತ್ತಿದ್ದ. ಪ್ರತಿ ಸಲವೂ ನಾನು ಹುಲ್ಲು ತುಳಿಯಲು ಹೆದರಿ ತಾತನ ಹೆಗಲೇರುತ್ತಿದ್ದೆ. ಅದಕ್ಕೇ ಕಾಲಿಗೆ ನೆನಪಿರಲಿಲ್ಲ.

"ಮುಚ್ಬೇಕು!" ಎಂದು ಎದ್ದು ನಿಂತೆ. ನಾಯಿಯೂ ಎದ್ದಿತು. "ಹುಲ್ಲು ಹಾಸಿದ್ರೆ ಕೊಚ್ಚಿ ಹೋಗ್ತದೆ. ಒಂದು ಹಾಸುಗಲ್ಲು ಸಿಕ್ರೆ ಸಾಕು."

ಸುಮ ಅದನ್ನು ಮಾರ್ಟಿನ್ನನಿಗೆ ಹೇಳಿದಳು. ಬಾವಿಯ ಕಲ್ಲನ್ನು ಅಲುಗಿಸಿದವರು ಉದ್ಧಾರವಾಗಿಲ್ಲ, ಪರಸ್ಥಳದ ಕಲ್ಲು ತಂದು ಹಾಕಿದವರೂ ಇಲ್ಲ ಎಂದ. ಮತ್ತೂ ಒಂದು ಲೋಟ ಚಹಾ ಬಗ್ಗಿಸಿದ. ಆಮೇಲೆ ಕಿಟಕಿಯಾಚೆ ಗುಡ್ಡದ ಕಡೆ ನೋಡಿದ.

"ಬ್ರೀಡಾಳ ಮನೆಯ ಕಲ್ಲಾದರೆ ಪರಸ್ಥಳದ್ದಲ್ಲ," ಎಂದ. "ಪಾದ್ರಿಗಳಿಗೆ ಆಮೇಲೆ ಹೇಳಿದರಾಯಿತು."

ಎರಡನೆಯ ದಿನ

ಬೆಳಿಗ್ಗೆ ಸೋನೆ ಹಿಡಿದಿತ್ತು. ನಾವಾದರೆ ಇದನ್ನು ಮಳೆ ಎಂದೇ ಲೆಕ್ಕಕ್ಕಿಡುವುದಿಲ್ಲ, ಮಾರ್ಟಿನ್ನೂ ಇಡಲಿಲ್ಲ. ಗುಡ್ಡದ ಮನೆಯಲ್ಲಿ ಅವನು ತೋರಿಸಿದ ಚಪ್ಪಡಿ ಹುಲ್ಲಿನಲ್ಲಿ ಅರ್ಧ ಹೂತಿತ್ತು. ಅವನೊಂದು ಹಾರೆ, ನಾನೊಂದು ಹಾರೆ. ಎಸ್ಟೇಟಿನಲ್ಲಿ ಎಷ್ಟು ಬಂಡೆ ಎಬ್ಬಿಸಿಲ್ಲ ನಾವು! ನಾನು "ಐಲೇಸಾ" ಎಂದೆ. ಅವನು ಒಮ್ಮೆ ನನ್ನ ಮುಖ ನೋಡಿ, ತಾನೂ "ಐಲೇಸಾ" ಎಂದ. ಮೂರನೆಯ ಐಲೇಸಾಕ್ಕೆ ಕಲ್ಲು ಎದ್ದಿತು. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದು ಕಾಲುವೆಗೆ ಅಡ್ಡ ಹಾಸಿದೆವು. ಅಳತೆ ಕೊಟ್ಟು ಮಾಡಿಸಿದಂತೆ ಕುಳಿತಿತು.

ಲಿಲ್ಲಿಬಾಯಿ ಬಗ್ಗಿ, ಕಲ್ಲಿನ ಮೇಲೆ ಅಂಗೈ ಆಡಿಸಿದಳು. ನಡುಮಧ್ಯೆ ಸವೆದು ತಗ್ಗಾಗಿತ್ತು.

"ರೈಟರೇ," ಎಂದಳು ಮೆಲ್ಲಗೆ, "ಇದು ಹೊಸ್ತಿಲು ಕಣ್ರೀ."

ಕೇಳಿದರೆ ಹೌದು, ಬಾಗಿಲ ಕಲ್ಲೇ. ಸಿಸ್ಟರ್ ಹತ್ತೊಂಬತ್ತನೆಯ ವಯಸ್ಸಿಗೆ ಪೆಟ್ಟಿಗೆ ಹಿಡಿದು ದಾಟಿ ಬಂದ ಹೊಸ್ತಿಲು.

"ಹೊಸ್ತಿಲು ತುಳಿಯೋದಾ!" ಎಂದುಬಿಟ್ಟೆ ನಾನು.

ಸುಮ ಒದ್ದೆ ಹುಲ್ಲಿನ ಮೇಲೆ ಕುಳಿತು ಹಣೆ ಹಿಡಿದುಕೊಂಡಳು. "ಅಪ್ಪಾ, ನಿನ್ನ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಕಲ್ಲು ಹೊರೋಕೆ ಈ ಅಜ್ಜಯ್ಯನ ಕೈಲಿ ಆಗಲ್ಲ."

ಲಿಲ್ಲಿಬಾಯಿ ನಕ್ಕಳು. ನಿನ್ನೆಯಿಂದ ಮೊದಲ ಸಲ. "ಮುಟ್ಟಿ ತಪ್ಪಾಯ್ತು ಅನ್ನಿ, ಆಮೇಲೆ ತುಳೀರಿ. ಸಿಸ್ಟರ್ ನಿಮ್ಮನ್ನ ಎಷ್ಟು ವರ್ಷ ಸಹಿಸಿಲ್ಲ!"

ಗೂಡಿನಿಂದ ಮೂರು ಬೀಜ ಹಿಂದಕ್ಕೆ ತೆಗೆದುಕೊಂಡು, ಒಂಬತ್ತನ್ನೂ ಕೂಡಿಸಿ ಮೊದಲಿನಿಂದ ಶುರುಮಾಡಿದೆವು. ಹೊಸ್ತಿಲ ಬಳಿ ಬಂದಾಗ ಬಗ್ಗಿ, ಬಲಗೈಯಿಂದ ಕಲ್ಲು ಮುಟ್ಟಿ, ಕಣ್ಣಿಗೊತ್ತಿಕೊಂಡು ದಾಟಿದೆ. ಹಿಂದೆ ಲಿಲ್ಲಿಬಾಯಿಯೂ ಹಾಗೇ ಮಾಡಿದಳು. ಕಾಲಡಿಯಲ್ಲಿ ನೀರು ಹರಿಯುವ ಸದ್ದು. ಕಾಲೇನೂ ಮುರಿಯಲಿಲ್ಲ.

ಆ ದಿನ ಭಾನುವಾರ. ಮೂರನೆಯ ಸುತ್ತಿನ ಹೊತ್ತಿಗೆ ಚರ್ಚು ಮುಗಿಸಿ ಏಳೆಂಟು ಜನ ಬಂದರು. ಇಬ್ಬರು ಮುದುಕಿಯರು, ಮಕ್ಕಳ ಕೈ ಹಿಡಿದ ಒಬ್ಬ ತಾಯಿ, ಕೋಲೂರಿದ ಗಂಡಸು. ಜಪ ಮಾಡುತ್ತ ನಮ್ಮ ಹಿಂದೆಯೇ ಸಾಲುಗಟ್ಟಿದರು. ನಾನು ತಿರುಗಿ ನೋಡುವ ಹಾಗಿಲ್ಲ, ಕೇಳುವ ಹಾಗಿಲ್ಲ.

ಏಳನೆಯ ಸುತ್ತಿನಲ್ಲಿ ಮುಳ್ಳಿನ ಮರದ ಬೇರಿಗೆ ಲಿಲ್ಲಿಬಾಯಿಯ ಕಾಲು ತಗುಲಿ ಮುಗ್ಗರಿಸಿದಳು. "ಬೇರೈತೆ" ಎಂಬ ಮಾತು ನನ್ನ ಹಲ್ಲಿನವರೆಗೆ ಬಂತು. ಬಾಯಿಬಿಟ್ಟರೆ ಮತ್ತೆ ಒಂದರಿಂದ ಸುತ್ತಬೇಕು. ಅವಳ ಹೆಬ್ಬೆರಳಿನಿಂದ ರಕ್ತ ಬರುತ್ತಿತ್ತು, ಹೊತ್ತೂ ಏರುತ್ತಿತ್ತು. ಮಾತನ್ನು ನುಂಗಿ, ಕೂತು, ಎರಡೂ ಕೈಯಲ್ಲಿ ಅವಳ ಪಾದ ಎತ್ತಿ ಬೇರಿನಾಚೆ ಇಟ್ಟೆ. ಎಂಟನೆಯ ಸುತ್ತಿಗೂ, ಒಂಬತ್ತನೆಯದಕ್ಕೂ ಹಾಗೇ ಮಾಡಿದೆ. ಹೆಗಲ ಮೇಲಿನ ಕೈ ಒಮ್ಮೆ ಒತ್ತಿತು. ಅಷ್ಟೇ.

ಒಂಬತ್ತನೆಯ ಬೀಜ ಗೂಡು ಸೇರಿದಾಗ ಮಾರ್ಟಿನ್ ಟೋಪಿ ತೆಗೆದ. ಲಿಲ್ಲಿಬಾಯಿ ಲೋಟದಲ್ಲಿ ನೀರು ಮೊಗೆದು ಸುಮಳನ್ನು ಕೂರಿಸಿಕೊಂಡು, ರೆಪ್ಪೆಗಳಿಗೆ ನೀರು ಹಚ್ಚಿದಳು. ಇಪ್ಪತ್ತಮೂರು ವರ್ಷದ ಹಿಂದೆ ಆ ಮೇಜಿನ ಮೇಲೆ ನೀರು ಬಿಟ್ಟ ಅದೇ ಕೈ.

"ನೀವೂ ಹಚ್ಕಳಿ ಬಾಯಮ್ಮ," ಎಂದಳು ಸುಮ.

"ಇಲ್ಲ ಮಗ. ತೀರ್ಸೋಕೆ ಬಂದೋರು ಅದೇ ಬಾಯಲ್ಲಿ ಇನ್ನೊಂದು ಕೇಳಬಾರ್ದು."

"ನೀವು ಕೇಳ್ಬೇಡಿ. ನಾನು ಕೇಳ್ತೀನಿ," ಎಂದು ನಾನೇ ನೀರಿಗೆ ಬೆರಳದ್ದಿ ಅವಳ ಎರಡೂ ರೆಪ್ಪೆಗೆ ಒತ್ತಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಹೊರಡುವ ಮೊದಲು ಗೂಡಿನಲ್ಲಿ ಕೈಯಾಡಿಸಿ ಒಂಬತ್ತೂ ಬೀಜ ಎಣಿಸಿ ಗಂಟು ಕಟ್ಟಿಕೊಂಡಳು. ಕೆಂಚು ಕೂದಲಿನವನು ಹೇಳಿದ್ದನಲ್ಲ.

ಆಮೇಲೆ

ಡಾಕ್ಟರು ಹೇಳಿದ ವರ್ಷದ ಮೇಲೆ ನಾಲ್ಕು ತಿಂಗಳು ಕಳೆದು ಲಿಲ್ಲಿಬಾಯಿಯ ನೋಟ ಪೂರ್ತಿ ಹೋಯಿತು. ಬಾವಿ ಮಾತ್ರ ನೆನಪಿನಲ್ಲಿ ಸ್ವಚ್ಛ ಕಾಣುತ್ತದೆ ಎನ್ನುತ್ತಿದ್ದಳು. ಪ್ರತಿ ಶುಕ್ರವಾರ ನಾನು ಹೋಗಿ ಪೇಪರ್ ಓದಿ ಹೇಳುತ್ತಿದ್ದೆ.

ಅದಾದ ಮರುವರ್ಷ ಸುಮ ರಜೆಯಲ್ಲಿ ಒಬ್ಬಳೇ ಬಾವಿಗೆ ಹೋದಳು. ಮಾರ್ಟಿನ್ ಅಷ್ಟರಲ್ಲಿ ತೀರಿಕೊಂಡಿದ್ದ. ಅಂದು ಬಾವಿಯ ಹಬ್ಬ, ನೂರಾರು ಜನ. ಎಲ್ಲರೂ ಬಲಕ್ಕೆ ಸುತ್ತುತ್ತ ಬಂದು, ನೀರಿನ ಮೇಲೆ ಹಾಸಿದ ಆ ಕಲ್ಲಿನ ಹತ್ತಿರ ನಿಂತು, ಬಗ್ಗಿ ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡು ದಾಟುತ್ತಿದ್ದರಂತೆ. ಸಣ್ಣ ಮಕ್ಕಳೂ. ಸುಮ ಪಕ್ಕದ ಹೆಂಗಸನ್ನು, ಇದೇಕೆ ಹೀಗೆ ಎಂದು ಕೇಳಿದಳಂತೆ.

ಸುಮ ಫೋನು ಮಾಡಿದಾಗ ನಾನು ಲಿಲ್ಲಿಬಾಯಿಯ ಮನೆಯಲ್ಲೇ ಇದ್ದೆ. ಫೋನನ್ನು ಲಿಲ್ಲಿಬಾಯಿಯ ಕಿವಿಗೆ ಹಿಡಿದೆ. ಆ ಹೆಂಗಸಿನ ಉತ್ತರವನ್ನು ಸುಮ ಅವಳಿಗೇ ಹೇಳಿದಳು: "ಹಿಂದಿನಿಂದಲೂ ನಡಕಂಡು ಬಂದಿರೋದಂತೆ, ಬಾಯಮ್ಮ."